ಹಳೇ ಮ್ಯಾಶ್ ಹೌಸಿನ ರಾಗಿ ಮುದ್ದೆ

ಮೊದಲೇ ಹೇಳಿಬಿಡುತ್ತೇನೆ: ನಾನು ಹೆಂಡ ಕಾಯಿಸಲಿಲ್ಲ. ಮೂವತ್ತು ವರ್ಷ ಗುಬ್ಬಿಯಲ್ಲಿ ಬಸ್ಸು ಹತ್ತಿ, ತುಮಕೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹಿರೇಹಳ್ಳಿಯ ಮಾಲ್ಟ್ ಕಾರ್ಖಾನೆಗೆ ಹೋಗಿಬಂದವಳು ನಾನು. ಅಲ್ಲಿ ನಾವು ಮಾಡುತ್ತಿದ್ದದ್ದು ಮಾಲ್ಟ್ ಪಾಕ. ಮಕ್ಕಳು ಹಾಲಿಗೆ ಬೆರೆಸಿಕೊಳ್ಳುವ ಪುಡಿಗೂ ಬಿಸ್ಕತ್ತಿಗೂ ಬೀಳುವ, ಜೋನಿಬೆಲ್ಲದ ಬಣ್ಣದ ಗಟ್ಟಿ ಸಿಹಿ ಅದು. ಬಿಯರ್ ಮಾಡುವವರೂ ಅರ್ಧ ದಾರಿ ಇದೇ ಕೆಲಸ ಮಾಡುತ್ತಾರೆ. ಆಮೇಲೆ ಅವರು ಅದನ್ನು ಹುಳಿಯಲು ಬಿಡುತ್ತಾರೆ, ನಾವು ಬತ್ತಿಸಿ ಡಬ್ಬಕ್ಕೆ ತುಂಬುತ್ತಿದ್ದೆವು. ವ್ಯತ್ಯಾಸ ಅಷ್ಟೇ. ಆದರೆ ಆ ವ್ಯತ್ಯಾಸವನ್ನು ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ಅರ್ಥ ಮಾಡಿಸಲು ಮಾತ್ರ ನನ್ನಿಂದ ಆಗಲಿಲ್ಲ.

ಈಗ ಬೆಂಗಳೂರಿನ ಬ್ರೂವರಿಗಳಿಗೆ, ಮಾಲ್ಟ್ ಪ್ಲಾಂಟುಗಳಿಗೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ಮನೇಲೇ ಸಣ್ಣದಾಗಿ ಒಂದು ಟ್ರಯಲ್ ನೋಡಬಹುದಾ?" ಎಂದು ಕೇಳುತ್ತಾರೆ. ನೋಡಿ ತಾಯಿ, ಧಾರಾಳವಾಗಿ ನೋಡಿ. ಆದರೆ ನಿಮ್ಮ ಮನೆಯ ಕಾಫಿ ಫಿಲ್ಟರಿನ ಆಸೆ ಬಿಟ್ಟುಬಿಡಿ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಪ್ರಮೋಷನ್ನುಗಳ ವಿಷಯ ಬೇಡ. ಎರಡು ಬಂದವು. ಎರಡು ಸಲವೂ ಕುರ್ಚಿ ದೊಡ್ಡದಾಯಿತು, ಫ್ಯಾನು ಮಾತ್ರ ಅದೇ ಇತ್ತು.

ಕೆಲಸ ಅಂದರೆ ಇಷ್ಟು. ಕಾಳನ್ನು, ನಮ್ಮಲ್ಲಿ ಬಾರ್ಲಿಯನ್ನು, ಮೊಳಕೆ ಬರಿಸಿ, ಒಣಗಿಸಿ, ಒಡೆದರೆ ಅದು ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ಕಲಸಿ ಒಂದು ಗಂಟೆ ಹದವಾದ ಶಾಖದಲ್ಲಿ ಇಟ್ಟರೆ, ಮೊಳಕೆಯೊಳಗಿನ ಕಿಣ್ವ ಹಿಟ್ಟನ್ನೆಲ್ಲ ಸಕ್ಕರೆ ಮಾಡುತ್ತದೆ. ಇದು ಮ್ಯಾಶಿಂಗ್. ಆಮೇಲೆ ಟ್ಯಾಂಕಿನ ತಳದ ಜಾಲರಿಯಿಂದ ಸಿಹಿ ರಸವನ್ನು ಇಳಿಸಿ, ಚರಟದಲ್ಲಿ ಉಳಿದ ಸಿಹಿಗಾಗಿ ಮೇಲಿಂದ ಬಿಸಿನೀರು ಚಿಮುಕಿಸುತ್ತೇವೆ. ಇದು ಸ್ಪಾರ್ಜಿಂಗ್. ಕಾಫಿ ಫಿಲ್ಟರಿಗೆ ಎರಡನೇ ಸಲ ನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸುವುದಿಲ್ಲವೇ, ಹಾಗೆ. ಬಾರ್ಲಿಗೆ ಗಟ್ಟಿ ಸಿಪ್ಪೆ ಇರುವುದರಿಂದ ಆ ಸಿಪ್ಪೆಯೇ ಸೋಸುವ ಹಾಸಿಗೆಯಾಗುತ್ತದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ನಾನು ಅದನ್ನು ಮರೆತೇ ಇಡೀ ಕಾರ್ಖಾನೆಗೆ ಊಟ ಬಡಿಸಿದ್ದು.

ನಾನು ಕೆಮಿಸ್ಟ್ ಆಗಿ ಸೇರಿದ ಹೊಸತು. ಕೈಯಲ್ಲಿ ಬಿಎಸ್ಸಿ ಸರ್ಟಿಫಿಕೇಟು, ಜೇಬಿನಲ್ಲಿ ಗಾಜಿನ ಥರ್ಮಾಮೀಟರು, ಮುಖದ ತುಂಬಾ ಗಾಂಭೀರ್ಯ. ಮ್ಯಾಶ್ ಹೌಸಿನ ಆಪರೇಟರ್ ಹನುಮಂತರಾಯಪ್ಪ ಚೇಳೂರಿನವರು. ಒಂದು ದಿನ ಅವರು ಸ್ಪಾರ್ಜಿಂಗ್ ನೀರಿಗೆ ಬೆರಳು ಒಡ್ಡಿ, "ಮೇಡಮ್ಮೋರೆ, ನೀರು ಕಾದುಬುಟ್ಟೈತೆ" ಅಂದರು.

"ರೀ, ಕೈ ಹಾಕಬೇಡಿ! ಥರ್ಮಾಮೀಟರ್ ಇರೋದು ಯಾತಕ್ಕೆ?" ಎಂದು ನಾನು ಗದರಿಸಿದೆ. ಎಪ್ಪತ್ತಾರು ಡಿಗ್ರಿ ತೋರಿಸುತ್ತಿದೆ, ಸರಿಯಾಗಿದೆ ಎಂದು ಓದಿಯೂ ಹೇಳಿದೆ. ನಾನು ಅದನ್ನು ಅದ್ದಿದ್ದು ತಣ್ಣೀರು ಬಂದು ಬೀಳುವ ಮೂಲೆಯಲ್ಲಿ ಎಂಬುದು ಆಮೇಲೆ ತಿಳಿಯಿತು. ಕೆಳಗೆ ಚಿಮ್ಮುತ್ತಿದ್ದದ್ದು ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಇದ್ದ ನೀರು. ಆ ಬಿಸಿಗೆ ಸಿಪ್ಪೆಯ ಒಗರೆಲ್ಲ ರಸಕ್ಕಿಳಿದು, ಇಡೀ ಬ್ಯಾಚು ಮೂರು ಸಲ ಕುದಿಸಿದ ಟೀಯಂತಾಯಿತು.

ನಮ್ಮ ಪ್ಲಾಂಟ್ ಮ್ಯಾನೇಜರ್ ಅನಂತರಾಮಯ್ಯನವರು ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಬೆಳ್ಳಿ ಚಮಚ ಇಟ್ಟುಕೊಳ್ಳುತ್ತಿದ್ದರು. ಪ್ರತಿ ಬ್ಯಾಚನ್ನೂ ಅದರಲ್ಲೇ ರುಚಿ ನೋಡಬೇಕು. ಅವತ್ತು ನೆಕ್ಕಿದವರ ಮುಖ ಹರಳೆಣ್ಣೆ ಕುಡಿದ ಮಗುವಿನ ಮುಖವಾಯಿತು. "ಯಾರಪ್ಪ ಇದಕ್ಕೆ ಕಾರಣ?" ಎಂದರು.

ಹನುಮಂತರಾಯಪ್ಪ ನನ್ನತ್ತ ನೋಡಲೂ ಇಲ್ಲ. "ಇವತ್ತು ಯಾಕೋ ನೀರೇ ಸರಿ ಇರ್ಲಿಲ್ಲ ಸಾರ್" ಅಂದುಬಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ಅವರ ಬೆರಳನ್ನು ನಂಬಬೇಕಿತ್ತು. ನಾನು ಕಲಿತದ್ದು ಎರಡು ಥರ್ಮಾಮೀಟರ್ ಇಟ್ಟುಕೊಳ್ಳುವುದನ್ನು.

ಇದರ ನಡುವೆ ನನ್ನ ಮದುವೆಯೂ ಆಯಿತು, ಅದೂ ಮಾಲ್ಟಿನ ದಯೆಯಿಂದಲೇ. ಹುಡುಗನ ಮನೆಯವರು ನೋಡಲು ಬರುವ ಮೊದಲೇ ಅವರ ಪಕ್ಕದ ಮನೆಯ ಈ ಪುಟ್ಟತಾಯಮ್ಮ, "ಹುಡುಗಿ ಹೆಂಡದ ಫ್ಯಾಕ್ಟ್ರೀಲಿ ಕಾಯ್ಸೋ ಕೆಲಸ ಮಾಡ್ತಾಳಂತೆ" ಎಂದು ಸುದ್ದಿ ಮುಟ್ಟಿಸಿದ್ದರು. ಮುಂದೆ ನನ್ನ ಅತ್ತೆಯಾದ ಗಂಗಮ್ಮನವರು ಕುಣಿಗಲ್ ಕಡೆಯ ಅಮೃತೂರಿನ ಹೆಣ್ಣು, ನೇರ ಮಾತು. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, "ನೀನು ಕಾಯ್ಸೋದು ಏನು, ತೋರ್ಸು" ಅಂದರು. ನಾನು ಒಳಗಿಂದ ಒಂದು ಬಾಟಲಿ ಪಾಕ ತಂದುಕೊಟ್ಟೆ. ಬೆರಳಲ್ಲಿ ತೆಗೆದು ನೆಕ್ಕಿದರು. "ಸಿಹಿ ಐತೆ. ಆದ್ರೆ ಇನ್ಯಾರ್ದೋ ಮನೆ ಅಡುಗೆ ಇದ್ದಂಗೈತೆ" ಅಂದರು. ಮದುವೆಗೆ ಒಪ್ಪಿದರು. ಆದರೆ ನಮ್ಮ ಮನೆಯಲ್ಲಿ "ಹೆಂಡ" ಎಂಬ ಶಬ್ದವನ್ನು ಯಾರೂ ಎತ್ತಕೂಡದು ಎಂದು ಅಂದೇ ಕಟ್ಟಪ್ಪಣೆಯಾಯಿತು. ಬೀದಿಯಲ್ಲಿ ಯಾರಾದರೂ "ನಿಮ್ ಸೊಸೆ ಎಲ್ಲಿ ಕೆಲಸ?" ಅಂದರೆ "ಬಿಸ್ಕತ್ ಫ್ಯಾಕ್ಟ್ರಿ" ಎಂದು ಹೇಳಿ ಒಳಗೆ ಬಂದುಬಿಡುತ್ತಿದ್ದರು. ನನ್ನ ಸೀರೆಗೆ ಅಂಟಿದ ಮಾಲ್ಟಿನ ವಾಸನೆಗೆ ಇರುವೆಗಳು ಬಂದರೂ ಅವರ ಬೈಗುಳ ಇರುವೆಗಳಿಗೆ, ನನಗಲ್ಲ.

ಹೀಗೆ ಇಪ್ಪತ್ತು ವರ್ಷ ಸರಾಗವಾಗಿ ಹೋಯಿತು. ಆಮೇಲೆ ಒಂದು ದಿನ ಅನಂತರಾಮಯ್ಯನವರು ನನ್ನನ್ನೂ ಹನುಮಂತರಾಯಪ್ಪನವರನ್ನೂ ಕರೆದು ಬಾಗಿಲು ಹಾಕಿಕೊಂಡರು.

ಕಾರ್ಖಾನೆಯಲ್ಲಿ ಎರಡು ಮ್ಯಾಶ್ ಹೌಸುಗಳಿದ್ದವು. ಹೊಸದರಲ್ಲಿ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲೆ. ಹಳೆಯದು ನಮ್ಮದು. ಐನೂರು ಕೆಜಿಯ ಟ್ಯಾಂಕು, ಕೈಯಿಂದ ತಿರುಗಿಸುವ ವಾಲ್ವುಗಳು, ಏಳು ಜನ. ಅದನ್ನು ಮುಚ್ಚಿ, ಏಳೂ ಜನರನ್ನು ಉತ್ತರದ ಬಾರ್ಲಿ ಸೀಮೆಯ ಪ್ಲಾಂಟಿಗೆ ವರ್ಗ ಮಾಡುವುದೆಂದು ಹೆಡ್ಡಾಫೀಸು ಯೋಚಿಸಿತ್ತು.

"ಅಲ್ಲಿ ಮುದ್ದೆ ಸಿಗ್ತದಾ ಸಾರ್?" ಅಂದರು ಹನುಮಂತರಾಯಪ್ಪ. ತುಮಕೂರು ದಾಟಿದರೆ ಅವರಿಗೆ ಅದು ಪರದೇಶ. ನಗಲು ಹೋದೆ, ಆಗಲಿಲ್ಲ. ಏಳರಲ್ಲಿ ಐದು ಜನಕ್ಕೆ ಐವತ್ತು ದಾಟಿತ್ತು.

"ಒಂದೇ ದಾರಿ ಇದೆ" ಅಂದರು ಅನಂತರಾಮಯ್ಯ. "ಈಗ ಎಲ್ಲರಿಗೂ ರಾಗಿ ಬೇಕಂತೆ. ರಾಗಿಯಿಂದ ಮಾಲ್ಟ್ ಪಾಕ ಇಳಿಸಿ ತೋರಿಸಿದರೆ ಈ ಮ್ಯಾಶ್ ಹೌಸ್ ಉಳಿಯುತ್ತೆ. ಮೂರು ಟ್ರಯಲ್ ಕೊಟ್ಟಿದ್ದಾರೆ. ಮೂರರಲ್ಲಿ ಆಗದಿದ್ದರೆ ಬೀಗ."

ರಾಗಿಯೇ! ನಮಗೆ! ನಾವು ಮೂವರೂ ಕುರ್ಚಿಯಲ್ಲಿ ಕುಣಿದುಬಿಟ್ಟೆವು. ರಾಗಿ ತಿಂದು ಬೆಳೆದವರಿಗೆ ರಾಗಿಯ ಪರೀಕ್ಷೆ ಕೊಟ್ಟರೆ ಪ್ರಶ್ನೆಪತ್ರಿಕೆ ಸೋರಿಕೆಯಾದಂತೆ ಎಂದುಕೊಂಡೆವು.

ಮೊದಲ ಟ್ರಯಲ್. ಮೊಳಕೆ ರಾಗಿಯ ಹಿಟ್ಟನ್ನು ನುಣ್ಣಗೆ ಬೀಸಿ, ಬಾರ್ಲಿಗಿಂತ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಕಲಸಿ, ಒಂದು ಗಂಟೆ ಬಿಟ್ಟು, ಕೆಳಗಿನ ವಾಲ್ವು ತೆಗೆದೆ. ಒಂದು ತೊಟ್ಟೂ ಇಳಿಯಲಿಲ್ಲ. ಮೇಲಿಂದ ನೀರು ಚಿಮುಕಿಸಿದೆವು. ಅದು ಹಾಗೇ ಮೇಲೆ ಕೆರೆಯಾಗಿ ನಿಂತಿತು. ಹನುಮಂತರಾಯಪ್ಪ ಏಣಿ ಹತ್ತಿ ಮರದ ಉದ್ದನೆಯ ಹುಟ್ಟು ಹಾಕಿ ತಿರುವಿದರು. ಕೈ ಬಿಟ್ಟರು. ಹುಟ್ಟು ನೆಟ್ಟ ಕಂಬದಂತೆ ನಿಂತಿತು.

"ಮೇಡಮ್ಮೋರೆ," ಮೇಲಿನಿಂದ ಕೂಗಿದರು, "ಕೋಲು ನಿಂತ್ಕಂತು. ಮುದ್ದೆ ಬೆಂದೈತೆ. ಕ್ಯಾಂಟೀನಿಂದ ಬಸ್ಸಾರು ತರ್ಸಾನಾ?"

ರಾಗಿಗೆ ಸಿಪ್ಪೆಯ ಹಾಸಿಗೆ ಇಲ್ಲ! ಹುಟ್ಟಿದಂದಿನಿಂದ ಮುದ್ದೆ ತಿಂದವಳಿಗೆ, ಮುದ್ದೆ ತೊಳಸುವ ಕೈಗಳ ನಡುವೆ ಬೆಳೆದವಳಿಗೆ, ಬಿಸಿನೀರಿಗೆ ರಾಗಿ ಹಿಟ್ಟು ಹಾಕಿದರೆ ಏನಾಗುತ್ತದೆಂದು ಹೊಳೆಯಲಿಲ್ಲ. ಬಾರ್ಲಿಯ ಪುಸ್ತಕ ಓದಿದವಳ ಬುದ್ಧಿ. ಅನಂತರಾಮಯ್ಯನವರು ಓಡಿಬಂದು ಬೆಳ್ಳಿ ಚಮಚ ಚುಚ್ಚಿದರು. ಎಳೆದರೆ ಈಚೆಗೆ ಬರಲಿಲ್ಲ. ಎರಡೂ ಕೈಯಲ್ಲಿ ಎಳೆದು ತೆಗೆದು, ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಒಂದು ಕಮ್ಮಿ" ಎಂದರು. ಅಷ್ಟೇ, ಮೇಲಿದ್ದವರು, ಕೆಳಗಿದ್ದವರು, ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಒಂದೂವರೆ ದಿನ ಸಲಿಕೆ ಹಿಡಿದು ಆ ಮುದ್ದೆಯನ್ನು ತೋಡಿದೆವು. ಸುತ್ತಮುತ್ತಲಿನ ದನಗಳು ಒಂದು ವಾರ ಹಬ್ಬ ಮಾಡಿದವು.

ಎರಡನೇ ಟ್ರಯಲ್ಲಿಗೆ ಬುದ್ಧಿ ಬಂದಿತ್ತು. ಭತ್ತದ ಹೊಟ್ಟನ್ನು ತೊಳೆದು ಜಾಲರಿಯ ಮೇಲೆ ಹಾಸಿದೆವು, ಶಾಖ ಇಳಿಸಿದೆವು. ರಸ ಇಳಿಯಿತು. ಆದರೆ ಹಾಲಿನಂತೆ ಬೆಳ್ಳಗೆ. ಬಿಳಿ ಟೈಲ್ಸಿನ ಮೇಲೆ ಅದರ ತೊಟ್ಟಿಟ್ಟು ಅಯೋಡಿನ್ ಬಿಟ್ಟೆ. ಹಿಟ್ಟೆಲ್ಲ ಸಕ್ಕರೆಯಾಗಿದ್ದರೆ ಅಯೋಡಿನ್ ತನ್ನ ಹಳದಿಯಲ್ಲೇ ಇರಬೇಕು. ಹಿಟ್ಟು ಉಳಿದಿದ್ದರೆ ಕಡುನೀಲಿ. ನಮ್ಮದು ಶಾಯಿಯ ಬಾಟಲಿ ಚೆಲ್ಲಿದಂತಾಯಿತು. ಕಷ್ಟ ಏನೆಂದು ಆಗ ತಿಳಿಯಿತು. ರಾಗಿ ಹಿಟ್ಟು ಬೇಯಬೇಕಾದರೆ ಹೆಚ್ಚು ಬಿಸಿ ಬೇಕು, ಆ ಬಿಸಿಗೆ ಮೊಳಕೆಯ ಕಿಣ್ವ ಸಾಯುತ್ತದೆ. ಕಿಣ್ವ ಉಳಿಸಿದರೆ ಹಿಟ್ಟು ಬೇಯುವುದಿಲ್ಲ.

"ಇನ್ನು ಒಂದೇ" ಅಂದರು ಅನಂತರಾಮಯ್ಯ. "ಇಲ್ಲಿ ಲ್ಯಾಬಲ್ಲಿ ಲೋಟದಷ್ಟು ಮಾಡಿದರೂ ಅದನ್ನೂ ಟ್ರಯಲ್ ಅಂತ ಎಣಿಸಿಬಿಡ್ತಾರೆ. ಮನೇಲಿ ಮಾಡಮ್ಮ ಸರ್ವಮಂಗಳ. ಮನೇಲಿ ಎಷ್ಟು ಸಲ ಕೆಡಿಸಿದರೂ ಕೇಳೋರಿಲ್ಲ."

ಕೇಳೋರಿಲ್ಲ! ಅವರಿಗೆ ನಮ್ಮ ಅತ್ತೆಯ ಪರಿಚಯ ಇರಲಿಲ್ಲ.

ಮರುದಿನದಿಂದಲೇ ಗುಬ್ಬಿಯ ನಮ್ಮ ಅಡುಗೆಮನೆ ಮೂರನೇ ಮ್ಯಾಶ್ ಹೌಸಾಯಿತು. ಕುಕ್ಕರಿನಲ್ಲಿ ಮ್ಯಾಶಿಂಗ್, ಕಾಫಿ ಫಿಲ್ಟರಿನಲ್ಲಿ ಸ್ಪಾರ್ಜಿಂಗ್, ಬಿಸಿ ಆರದಂತೆ ಸುತ್ತಲು ನಮ್ಮ ಮನೆಯವರ ಮಂಕಿ ಕ್ಯಾಪು. ತೆಂಗಿನ ನಾರು ಹಾಸಿ ಸೋಸಿ ನೋಡಿದೆ, ಒಗರು ಬಂತು. ಬಟ್ಟೆಯಲ್ಲಿ ಕಟ್ಟಿ ಅದ್ದಿದೆ, ಬಟ್ಟೆಯೊಳಗೆ ಮುದ್ದೆಯಾಯಿತು. ಫಿಲ್ಟರಿನ ತೂತುಗಳಲ್ಲಿ ರಾಗಿ ಕೂತು ಗಟ್ಟಿಯಾಗಿ, ಸೂಜಿಗೂ ಬಗ್ಗಲಿಲ್ಲ. ಒಂದು ಬೆಳಿಗ್ಗೆ ನಮ್ಮ ಮನೆಯವರು ಕಾಫಿ ಗುಟುಕರಿಸಿ, "ಇದು ಕಾಫಿಯಾ, ಅಂಬಲಿಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಟೆಲಿಗೆ ಹೋದರು. ಅತ್ತೆ ತಮ್ಮ ಪಾತ್ರೆಗಳನ್ನೆಲ್ಲ ಅಟ್ಟಕ್ಕೇರಿಸಿದರು. ನಾನೂ ಅಟ್ಟ ಹತ್ತಿದೆ.

ಆ ದಿನಗಳಲ್ಲಿ ನನ್ನ ನಾದಿನಿ ಬಾಣಂತನ ಮುಗಿಸಿ ಕೂಸಿನೊಂದಿಗೆ ಮನೆಯಲ್ಲೇ ಇದ್ದಳು. ಒಂದು ಭಾನುವಾರ ಅತ್ತೆ ಕೂಸಿಗೆ ರಾಗಿ ಸರಿ ಕಾಯಿಸಿದ್ದರು. ಯಾರೋ ಬಂದರೆಂದು ಮಾತಾಡಲು ಹೋಗಿ ಬರುವಷ್ಟರಲ್ಲಿ ಅದು ಗಟ್ಟಿಯಾಗಿತ್ತು. ಅವರು ಕೈ ಒದ್ದೆ ಮಾಡಿಕೊಂಡು, ಬೆರಳ ತುದಿಯನ್ನು ಸರಿಗೆ ಇಟ್ಟು, "ಒಂದು, ಎರಡು, ಮೂರು" ಎಂದು ಎಣಿಸಿ ತೆಗೆದರು. ಆಮೇಲೆ ಡಬ್ಬದಿಂದ ಒಂದು ಚಿಟಿಕೆ ಹಸಿ ಮೊಳಕೆ ಹಿಟ್ಟು ಉದುರಿಸಿ ತಿರುವಿದರು. ನೋಡನೋಡುತ್ತಿದ್ದಂತೆ ಆ ಗಟ್ಟಿ ಸರಿ ಕರಗಿ ತೆಳ್ಳನೆ ಪಾಯಸವಾಯಿತು.

ನನ್ನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. "ಅತ್ತೇ, ಏನು ಮಾಡಿದ್ರಿ?"

"ಏನ್ ಮಾಡ್ದೆ? ಗಟ್ಟಿ ಆಗಿತ್ತು, ನೀರಾಗ್ಲಿ ಅಂತ ಮೊಳಕೆ ಹಿಟ್ಟು ಹಾಕ್ದೆ. ನಮ್ಮವ್ವನೂ ಹಂಗೇ ಮಾಡ್ತಿತ್ತು."

"ಮೊದಲೇ ಯಾಕೆ ಹಾಕಲ್ಲ?"

"ಕುದಿಯೋದ್ಕೆ ಹಾಕಿದ್ರೆ ಏನೂ ಆಗಾಕಿಲ್ಲ ಕಣೇ. ಬೆರಳು ಸುಡ್ಬೇಕು, ಆದ್ರೆ ಮೂರು ಎಣಿಸೋ ತನ್ಕ ತಡೀಬೇಕು. ಆವಾಗ್ ಹಾಕ್ಬೇಕು."

ನಾನು ಥರ್ಮಾಮೀಟರ್ ಅದ್ದಿದೆ. ಅರವತ್ತೆರಡು. ಕೂಸಿನ ಬಟ್ಟಲಿಂದ ಒಂದು ತೊಟ್ಟು ಕದ್ದು ಅಯೋಡಿನ್ ಬಿಟ್ಟೆ. ನೀಲಿ ಅರ್ಧಕ್ಕರ್ಧ ಹೋಗಿತ್ತು! ಮೊದಲು ಬೇಯಿಸಿ ಮುದ್ದೆ ಮಾಡು, ಆಮೇಲೆ ಆರಿಸಿ ಮೊಳಕೆ ಹಾಕು. ಎರಡು ಕೆಲಸಕ್ಕೆ ಎರಡು ಹೊತ್ತು. ಇಷ್ಟೇ! ನಾನು ಅತ್ತೆಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟೆ. "ಬುಡೇ, ಬುಡೇ, ಹುಚ್ಚು ಹಿಡೀತಾ ಇವ್ಳಿಗೆ!" ಎಂದು ಅವರು ಕೂಗಿದರು. ಕೂಸು ಕೇಕೆ ಹಾಕಿತು.

ಸ್ಪಾರ್ಜಿಂಗಿನ ಪಾಠವೂ ಅವರಿಂದಲೇ ಬಂತು. ನಾನು ಫಿಲ್ಟರಿನ ಮೇಲೆ ಚಮಚದಲ್ಲಿ ನೀರು ಚಿಮುಕಿಸುತ್ತಿದ್ದುದನ್ನು ಎಷ್ಟು ದಿನ ನೋಡಿಯಾರು! "ಹಾಲುಬಾಯಿಗೆ ರಾಗಿ ಹಾಲು ತೆಗೆಯೋದ ನೋಡಿಲ್ವಾ? ಮೊದ್ಲ ಹಾಲು, ಎರಡ್ನೇ ಹಾಲು, ಮೂರ್ನೇ ಹಾಲು. ನೀರು ಹುಯ್ಯಿ, ಕಲ್ಸು, ಕೂತ್ಕಳಕ್ಕೆ ಬುಡು, ಬಸಿ. ಮೂರು ಸಲ. ಹಿಂಗೆ ದೇವ್ರಿಗೆ ಪ್ರೋಕ್ಷಣೆ ಮಾಡ್ದಂಗೆ ಮಾಡಿದ್ರೆ ಏನ್ ಬಂದಾತು?" ಅಂದರು. ಭತ್ತದ ಹೊಟ್ಟು ಬೆರೆಸಿ ಹಾಗೇ ಮಾಡಿದೆ. ಮೂರು ಸಲಕ್ಕೆ ಸಿಹಿ ಪೂರ್ತಿ ಬಂತು, ರಸ ತಿಳಿಯಾಗಿ ಬಂತು. ನಾಲ್ಕು ವಾರ ದಿನಾ ಮಾಡಿದೆ. ಮೂರು ಎಣಿಸುವುದು ನನ್ನ ಬೆರಳಿಗೇ ಅಭ್ಯಾಸವಾಯಿತು, ತುದಿಯ ಚರ್ಮವೂ ಎದ್ದಿತು.

ಮೂರನೇ ಟ್ರಯಲ್ಲಿಗೆ ಹೆಡ್ಡಾಫೀಸಿನಿಂದ ಇಬ್ಬರು ಬಂದರು. ತಲೆಗೆ ಬಲೆಯ ಟೋಪಿ, ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಟ್ಯಾಂಕಿನ ಪಕ್ಕ ನಿಂತರು. ಅದೇ ತಿಂಗಳು ಹೊಸ ನಿಯಮ ಬಂದಿತ್ತು, ಮ್ಯಾಶ್ ಹೌಸಿನೊಳಗೆ ಗಾಜು ತರಕೂಡದು. ನನ್ನ ಎರಡೂ ಥರ್ಮಾಮೀಟರುಗಳು ಬಾಗಿಲಾಚೆ ಉಳಿದವು. ಟ್ಯಾಂಕಿನ ಗೋಡೆಯ ಮುಳ್ಳಿನ ಮೀಟರೊಂದೇ ಗತಿ.

ರಾಗಿಯನ್ನು ಬೇಯಿಸಿದೆವು. ಮತ್ತೆ ಮುದ್ದೆ, ಈ ಸಲ ಬೇಕೆಂದೇ. ಆರಿಸತೊಡಗಿದೆವು. ಮುಳ್ಳು ಇಳಿದಿಳಿದು ಅರವತ್ತೆರಡಕ್ಕೆ ನಿಂತಿತು. ಹನುಮಂತರಾಯಪ್ಪ ಮೊಳಕೆ ಹಿಟ್ಟಿನ ಮೂಟೆ ಎತ್ತಿಕೊಂಡರು. ನಾನು ಒಂದು ಸ್ಟೀಲ್ ಚೊಂಬಿಗೆ ಸ್ಯಾಂಪಲ್ ತೆಗೆದು, ಯಾಕೋ ಅಭ್ಯಾಸಬಲದಿಂದ ಬೆರಳು ಒದ್ದೆ ಮಾಡಿಕೊಂಡು ಇಟ್ಟೆ. ಒಂದು ಎಣಿಸುವುದರೊಳಗೆ ಕೈ ಹಿಂದಕ್ಕೆ ಹಾರಿತು.

ಮೀಟರು ಅರವತ್ತೆರಡು ಅನ್ನುತ್ತದೆ. ಬೆರಳು ಅಲ್ಲ ಅನ್ನುತ್ತದೆ. ಬೆರಳು ಸರಿಯಿದ್ದು ಈಗ ಹಿಟ್ಟು ಹಾಕಿದರೆ ಕಿಣ್ವ ಸಾಯುತ್ತದೆ, ಮೀಟರು ಸರಿಯಿದ್ದು ಕಾದರೆ ಆರಿಹೋಗಿ ಮುದ್ದೆ ಮುದ್ದೆಯಾಗೇ ಉಳಿಯುತ್ತದೆ. ಯಾವುದು ತಪ್ಪಿದರೂ ಏಳು ಜನ ಗಂಟುಮೂಟೆ ಕಟ್ಟಬೇಕು.

"ಹನುಮಂತರಾಯಪ್ಪ," ಅಂದೆ, "ಕೈ ಇಡಿ."

ಅವರು ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದ ಹಿಂದೆ ಬೇಡ ಅಂದವಳು ನಾನೇ. ಮೂಟೆ ಕೆಳಗಿಟ್ಟು, ಬೆರಳು ಒದ್ದೆ ಮಾಡಿಕೊಂಡು ಇಟ್ಟು, ಥಟ್ಟನೆ ತೆಗೆದರು. "ಕಾದುಬುಟ್ಟೈತೆ ಮೇಡಮ್ಮೋರೆ."

"ಕಾಯೋಣ" ಅಂದೆ.

ಬಂದವರಿಬ್ಬರೂ ವಾಚು ನೋಡಿಕೊಂಡರು. ಅನಂತರಾಮಯ್ಯನವರು ಹತ್ತಿರ ಬಂದು ಮೆಲ್ಲಗೆ, "ಯಾಕಮ್ಮ? ಮೀಟರ್ ಗುರುತಿಗೆ ಬಂದಿದೆಯಲ್ಲ?" ಎಂದರು.

"ಮೀಟರ್ ತಪ್ಪು ಸಾರ್."

"ಯಾರು ಹೇಳಿದ್ದು?"

"ಬೆರಳು ಸಾರ್. ಎರಡು ಬೆರಳು."

ಅವರು ಜೇಬಿನಿಂದ ಬೆಳ್ಳಿ ಚಮಚ ತೆಗೆದು ಚೊಂಬಿಗೆ ಅದ್ದಿ ತುಟಿಗೆ ಇಟ್ಟು, ಅಲ್ಲೇ ಒಂದಡಿ ನೆಗೆದರು. ತುಟಿ ಒತ್ತಿಕೊಂಡು, "ಕಾಯೋಣ" ಅಂದರು.

ಮುಳ್ಳು ಐವತ್ತೈದಕ್ಕೆ ಬಂತು, ಐವತ್ತೆರಡಕ್ಕೆ ಬಂತು. ಹೆಡ್ಡಾಫೀಸಿನವರಲ್ಲಿ ಒಬ್ಬರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡರು. ಐವತ್ತೊಂದು. ಹೊಸ ಸ್ಯಾಂಪಲ್ ತೆಗೆದು ಬೆರಳಿಟ್ಟೆ. ಒಂದು. ಎರಡು. ಮೂರು. "ಹಾಕಿ!" ಎಂದು ಕಿರುಚಿದೆ. ಹಿಟ್ಟು ಬಿತ್ತು, ತಿರುವುವ ಮೋಟಾರು ನರಳಿತು, ತಿಣುಕಿತು. ಆಮೇಲೆ ಆ ನರಳಾಟ ಸಣ್ಣಗಾಗುತ್ತಾ ಬಂದು, ಗಳಗಳ ಎಂಬ ಸದ್ದು ಶುರುವಾಯಿತು. ಐನೂರು ಕೆಜಿಯ ಟ್ಯಾಂಕಿನ ಮುದ್ದೆ ನಮ್ಮ ಕಣ್ಣೆದುರೇ ಪಾನಕವಾಯಿತು. ಹನುಮಂತರಾಯಪ್ಪ ಮೇಲಿಂದ ಹುಟ್ಟನ್ನು ಹಾಕಿ ಬಿಟ್ಟರು. ಅದು ನಿಲ್ಲಲಿಲ್ಲ, ತೇಲಿತು!

ಗಂಟೆ ಕಳೆದ ಮೇಲೆ ಬಾಗಿಲಾಚೆಯ ಮೇಜಿನ ಮೇಲೆ ಬಿಳಿ ಟೈಲ್ಸ್ ಇಟ್ಟು ಅಯೋಡಿನ್ ಬಿಟ್ಟೆ. ಒಂಬತ್ತು ತಲೆಗಳು ಅದರ ಮೇಲೆ ಬಾಗಿದವು. ಹಳದಿ. ಹಳದಿಯಾಗೇ ಉಳಿಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದ ಕೂಗಿಗೆ ಹೊಸ ಮ್ಯಾಶ್ ಹೌಸಿನವರು ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿಬಂದರು. ಮೂರು ನೀರು ಹಾಕಿ ಮೂರು ಸಲ ಬಸಿದೆವು. ಮಾರನೆಯ ದಿನ ಮೀಟರು ಬಿಚ್ಚಿ ನೋಡಿದರೆ ಅದರ ಮುಳ್ಳು ಹನ್ನೊಂದು ಡಿಗ್ರಿ ಕಡಿಮೆ ತೋರಿಸುತ್ತಿತ್ತು.

ಹಳೇ ಮ್ಯಾಶ್ ಹೌಸು ಉಳಿಯಿತು. ನಾನು ನಿವೃತ್ತಿಯಾದ ಮೇಲೂ ನಡೆಯುತ್ತಿದೆ. ಹನುಮಂತರಾಯಪ್ಪ ಮುದ್ದೆ ಸಿಗದ ಸೀಮೆಯನ್ನು ನೋಡದೆಯೇ ನಿವೃತ್ತರಾದರು. ನೀವು ಮೀಟರು ಓದಿ, ಎರಡೆರಡು ಸಲ ಓದಿ. ಆದರೆ ಪಕ್ಕದಲ್ಲಿ ಕೈ ಅದ್ದಿ ಏನಾದರೂ ಹೇಳುವವರಿದ್ದರೆ ಗದರಿಸಬೇಡಿ.

ಆ ಬ್ಯಾಚು ಬತ್ತಿದ ದಿನ ಒಂದು ಬಾಟಲಿ ಪಾಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಎರಡು ಬಸ್ಸು ಬದಲಿಸಿ ಮನೆಗೆ ಬಂದೆ. ಸಂಜೆ ಬಿಸಿಲಿಗೆ ಜಗುಲಿಯ ಮೇಲೆ ಕೂತಿದ್ದ ಅತ್ತೆಯ ಕೈಗೆ ಕೊಟ್ಟೆ. ಬೆರಳು ಹಾಕಿ ನೆಕ್ಕಿದರು. ಮತ್ತೆ ನೆಕ್ಕಿದರು. ಹುಡುಗಿ ನೋಡಲು ಬಂದ ದಿನದಂತೆಯೇ ನಾನು ಅವರ ಬೆರಳನ್ನೇ ನೋಡುತ್ತಾ ನಿಂತೆ. ಮೂರನೇ ಸಲ ನೆಕ್ಕಿದವರು ಎದ್ದು ನಿಂತರು, ಬಾಟಲಿಯನ್ನು ತಲೆಯೆತ್ತರಕ್ಕೆ ಹಿಡಿದರು, ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಎತ್ತಬಾರದೆಂದಿದ್ದ ಶಬ್ದವನ್ನು ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಪುಟ್ಟತಾಯಮ್ಮೋ! ಬಾರೇ ಇಲ್ಲಿ! ನನ್ ಸೊಸೆ ಹೆಂಡ ಕಾಯ್ಸವ್ಳೆ, ಬಾ, ಕುಡಿ!"